ಶ್ರೀಕಂಠು ಅವರ ಪಟ್ಟಿ

ಅರೋರಾ ದೇವಸ್ಥಾನದ ಊಟದ ಹಾಲ್‌ನಲ್ಲಿ ಪುಳಿಯೋಗರೆ ಮುಂದಿಟ್ಟುಕೊಂಡು ಶ್ರೀಕಂಠು ಅವರು ಜೇಬಿನಿಂದ ಒಂದು ಪಟ್ಟಿ ತೆಗೆಯುತ್ತಾರೆ. ಈ ದೇಶಕ್ಕೆ ಹೊಸ ಅಧ್ಯಕ್ಷರು ಬಂದ ಮೇಲೆ ಮಾಡಿದ ಕೆಲಸಗಳೆಲ್ಲ ಅದರಲ್ಲಿವೆ. ಪ್ರತಿ ಭಾನುವಾರ ಪಟ್ಟಿ ಬೆಳೆದಿರುತ್ತದೆ. ಒಂದು ಸಲ ಚಳಿ ಕಡಿಮೆಯಾದದ್ದನ್ನೂ ಸೇರಿಸಿದ್ದರು. "ಟೀವಿಯವ್ರು ಬೇರೆ ಥರ ಹೇಳ್ತಾರಲ್ಲ ಅಂಕಲ್" ಎಂದು ಪಕ್ಕದ ಮನೆ ಲಾವಣ್ಯ ಕೆಣಕಿದರೆ, "ಅವ್ರು ಸೂರ್ಯ ಹುಟ್ಟಿದ್ರೂ ಬೈತಾರಮ್ಮ. ವಿರೋಧ ಪಕ್ಷದವ್ರು ಅಡ್ಡಗಾಲು ಹಾಕ್ದೇ ಇದ್ದಿದ್ರೆ ಇನ್ನೂ ಎಷ್ಟು ಆಗ್ತಿತ್ತೋ!" ಎನ್ನುತ್ತಾರೆ. ನನಗೆ ಮೊದಲಿಂದಲೂ ಅನುಮಾನ. ಅಷ್ಟು ನಂಬಿಕೆ ಇದ್ದವರು ಗುರುತಿಲ್ಲದವರು ಬಂದು ಕೂತರೆ ಯಾಕೆ ದನಿ ತಗ್ಗಿಸಬೇಕು? ಊಟದ ನಡುವೆ ಜೇಬಿನ ಗ್ರೀನ್ ಕಾರ್ಡನ್ನು ಯಾಕೆ ಮುಟ್ಟಿ ಮುಟ್ಟಿ ನೋಡಿಕೊಳ್ಳಬೇಕು? ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಅವರ ಅಸ್ಥಿಯನ್ನು ಮನೆಯೊಳಗೆ ಇಡಬಾರದೆಂದು ಗರಾಜಿನಲ್ಲಿ ಇಟ್ಟಿದ್ದೇನೆ. ನನ್ನ ಕೈಯಲ್ಲಿ ಅಷ್ಟು ದೂರದ ಪ್ರಯಾಣ ಆಗುವುದಿಲ್ಲ. ಬೇಸಿಗೆಯಲ್ಲಿ ಊರಿಗೆ ಹೋದಾಗ ಶ್ರೀರಂಗಪಟ್ಟಣದ ಕಾವೇರಿಗೆ ತಾವೇ ಬಿಡುವುದಾಗಿ ಮಾತು ಕೊಟ್ಟವರು ಅವರ ಗೆಳೆಯರಾದ ಈ ಶ್ರೀಕಂಠು ಅವರೇ. ಹೋದ ಭಾನುವಾರ ಕೇಳಿದೆ. ಟಿಕೆಟ್ ಕ್ಯಾನ್ಸಲ್ ಮಾಡಿದ್ದರು. "ಈಗ ಗ್ರೀನ್ ಕಾರ್ಡ್ ಇದ್ರೂ, ಊರಿಗೆ ಹೋದ್ರೆ ವಾಪಸ್ ಒಳಗೆ ಬಿಡ್ತಾರೋ ಇಲ್ವೋ ಅತ್ತಿಗೆ. ಯಾರಿಗೂ ಹೇಳ್ಬೇಡಿ" ಎಂದರು. "ಇದನ್ನೂ ಪಟ್ಟೀಲಿ ಬರ್ಕೊಳ್ಳಿ" ಎಂದೆ. ಸಿಟ್ಟಾಗಲಿಲ್ಲ. ಪಟ್ಟಿಯನ್ನು ಗ್ರೀನ್ ಕಾರ್ಡಿಗೆ ಸುತ್ತಿ, ಎರಡನ್ನೂ ಒಟ್ಟಿಗೇ ಜೇಬಿನಲ್ಲಿ ಇಟ್ಟುಕೊಂಡರು.