ಕಣ್ಣು ಬರೆಯದ ಚಿತ್ರ

"ಹಿತ್ತಲಿನ ಆ ತುದೀಲಿ ನೀನು ಬರ್ತಾ ಇರುವಾಗ ನಿನ್ನ ಕಣ್ಣು ನನಗೆ ಕಾಣುತ್ತೇನೇ ಬ್ರಿಜಿತ್? ಮೂಗು ಕಾಣುತ್ತಾ? ಇಲ್ಲ. ಆದ್ರೂ ಬರ್ತಿರೋಳು ನೀನೇ ಅಂತ ಗೊತ್ತಾಗಿಬಿಡುತ್ತೆ. ಬುಟ್ಟೀನ ಸೊಂಟಕ್ಕೆ ಏರಿಸ್ಕೊಂಡು ಒಂದು ಕಡೆ ವಾಲ್ತೀಯಲ್ಲ, ಆ ವಾಲೋದೇ ನೀನು. ನಮ್ಮ ನಿನೆಟ್ ನಿಂತಲ್ಲಿ ನಿಲ್ಲೋಳಲ್ಲ. ಒಣಹಾಕಿದ ದುಪ್ಪಟಿಗಳ ಮಧ್ಯೆ ನುಗ್ಗಿ ಓಡ್ತಾಳೆ. ಅವಳ ಕೆನ್ನೆ ಮೇಲೆ ಬಿಸಿಲು ಬೀಳುತ್ತೆ, ಹಿಂದೇನೇ ದುಪ್ಪಟಿ ನೆರಳು ಬೀಳುತ್ತೆ. ಆ ನೆರಳು ಕಪ್ಪಲ್ಲ, ನೇರಳೆ. ನಾನು ಕಂಡಿದ್ದು ಅಷ್ಟು, ಬರೆದಿದ್ದೂ ಅಷ್ಟೇ. ಕಣ್ಣು ಬರೀಬೇಕು ಅಂದ್ರೆ ಅವಳನ್ನ ಕುರ್ಚೀಗೆ ಕಟ್ಟಿ ಕೂರಿಸ್ಬೇಕು. ಆಗ ಕಣ್ಣಿರುತ್ತೆ, ಅವಳಿರಲ್ಲ."

ಒದೀಲ್ ಇಷ್ಟು ಹೇಳಿದ್ದಕ್ಕೆ ಅಡುಗೆಯ ಬ್ರಿಜಿತ್ ಚಿತ್ರವನ್ನು ಹತ್ತಿರದಿಂದ ನೋಡಿ, ದೂರ ಹೋಗಿ ನೋಡಿ, ಮೂಗು ಮುರಿದಳು. "ಮಗು ದ್ರಾಕ್ಷಿ ಕದ್ದು ಮುಖಕ್ಕೆ ಮೆತ್ಕೊಂಡ ಹಾಗಿದೆ, ಅಮ್ಮಾವ್ರೇ. ಗೋಡೆ ಮೇಲೆ ಗೊಂಬೆ ಬರೆಯೋನೂ ಎರಡು ಕಣ್ಣು ಇಟ್ಟ ಮೇಲೇ ಕೂಲಿ ಕೇಳೋದು."

ಒದೀಲ್ ನಕ್ಕ ನಗುವಿಗೆ ಕೈಯಲ್ಲಿದ್ದ ಕುಂಚ ಅಲ್ಲಾಡಿತು.

ಅವಳು ಪ್ಯಾರಿಸ್ಸಿನಲ್ಲಿ ಅಂಗಿ ಗುಂಡಿ ಮಾರುವ ವ್ಯಾಪಾರಿಯ ಮಗಳು. ಹೆಣ್ಣುಮಕ್ಕಳನ್ನು ಚಿತ್ರಶಾಲೆಗೆ ಸೇರಿಸಿಕೊಳ್ಳದ ಕಾಲ ಅದು. ತಾಯಿಯನ್ನು ಕಾವಲಿಗೆ ಕೂರಿಸಿಕೊಂಡು ಹಳೆಯ ಚಿತ್ರಗಳ ನಕಲು ಮಾಡುತ್ತಲೇ ಕಲಿತಳು. ಮದುವೆಯಾಗಿ ವಾಜ್ ನದಿಯ ದಂಡೆಗೆ ಬಂದ ಮೇಲೆ ಬಯಲಲ್ಲಿ ನಿಂತು ಬರೆಯುವ ಚಾಳಿ ಹಿಡಿಯಿತು. ವಾಲ್‌ನಟ್ ಮರ ದಾಟಿ ಬಿಸಿಲು ಹಗ್ಗದ ಮೇಲಿನ ಬಟ್ಟೆಗೆ ಬಿದ್ದಾಗ ಕುಂಚ ಎತ್ತಬೇಕು, ಬಿಸಿಲು ಸರಿದ ಕೂಡಲೇ ಇಳಿಸಬೇಕು. ಮಾರನೆಯ ದಿನ ಮತ್ತೆ ಅದೇ ಬಿಸಿಲಿಗೆ ಕಾಯಬೇಕು. ಹೀಗೆ ಹೊಸ ರೀತಿಯಲ್ಲಿ ಬರೆಯುವವರು ನಡೆಸಿದ ಪ್ರದರ್ಶನದಲ್ಲಿ ಅವಳ ಒಂದೆರಡು ಚಿತ್ರ ತೂಗಿದಾಗ ಪತ್ರಿಕೆಯವರು ಅರ್ಧಂಬರ್ಧ ಕೆಲಸ ಎಂದು ಆಡಿಕೊಂಡರು. ಗಂಡ ಅನ್ಸೆಲ್ಮ್ ಗೋಧಿ ಮಂಡಿಯವನು, ಮೃದು ಮನಸ್ಸಿನವನು. "ನನಗೆ ತಿಳಿಯಲ್ಲ ಒದೀಲ್. ಆದ್ರೆ ಮುಗಿಸಿದ್ರೆ ಚೆನ್ನಾಗಿರ್ತಿತ್ತೇನೋ" ಎಂದಷ್ಟೇ ಅಂದ. ಮಗಳು ನಿನೆಟ್‌ಳ ಫೋಟೋ ತೆಗೆಸೋಣವೆಂದೂ ಕೇಳಿದ್ದ. "ನಾನಿರುವಾಗ ಆ ಡಬ್ಬಿ ಯಾಕ್ರೀ?" ಎಂದು ಇವಳೇ ಬೇಡವೆಂದಿದ್ದಳು.

ಮಾಗಿಯಲ್ಲಿ ಊರಿಗೆ ಮಕ್ಕಳ ಉಸಿರು ಕಟ್ಟಿಸುವ ಗಂಟಲುಮಾರಿ ರೋಗ ಬಂತು. ನಿನೆಟ್ ಹೋಗಿಬಿಟ್ಟಳು. ಮನೆಯಲ್ಲಿ ಅವಳ ರೂಪವೆಂದು ಉಳಿದದ್ದು ಆ ದುಪ್ಪಟಿಗಳ ನಡುವಿನ ಚಿತ್ರವೊಂದೇ.

ಒದೀಲ್‌ಗೆ ಅನ್ನ ನೀರು ಸೇರದಾಯಿತು. ಸಮುದ್ರದ ಕಡೆಯಿದ್ದ ಅಕ್ಕ ಬಂದು ಕರೆದುಕೊಂಡು ಹೋದಳು. ಇತ್ತ ಅನ್ಸೆಲ್ಮ್ ಒಬ್ಬನೇ ಚಿತ್ರದ ಮುಂದೆ ಕೂತು ಮಗಳ ಕಣ್ಣು ಹುಡುಕಿದ. ಸಿಗಲಿಲ್ಲ. ಜೊತೆಯಲ್ಲಿ ಓದಿದವನೊಬ್ಬ ಪ್ಯಾರಿಸ್ಸಿನಲ್ಲಿ ಪದಕ ಪಡೆದ ಚಿತ್ರಗಾರನಾಗಿದ್ದ. ಅವನ ಹತ್ತಿರ ಕೊಂಡೊಯ್ದು, ಹೆಂಡತಿ ದುಃಖದಲ್ಲಿ ಮುಗಿಸಲಾರದೆ ಬಿಟ್ಟಿದ್ದಾಳೆ, ನೀನು ಮುಗಿಸಿಕೊಡು ಎಂದ.

ಒದೀಲ್ ವಾಪಸು ಬಂದಾಗ ಚಿತ್ರ ಊಟದ ಕೋಣೆಯಲ್ಲಿ ಬಂಗಾರದ ಚೌಕಟ್ಟಿನೊಳಗೆ, ವಾರ್ನಿಷ್ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ಎರಡು ಕಂದು ಕಣ್ಣು, ಪುಟ್ಟ ತುಟಿ, ನೀಟಾಗಿ ತೆಗೆದ ಬೈತಲೆ. ಯಾರದೋ ಮಗು ಸದ್ದಿಲ್ಲದೆ ನಿಂತಿತ್ತು.

"ನೋಡು, ಈಗ ನಮ್ಮನ್ನೇ ನೋಡ್ತಾ ಇದಾಳೆ" ಎಂದ ಅನ್ಸೆಲ್ಮ್, ಟೋಪಿ ಕೈಯಲ್ಲಿ ಹಿಡಿದು.

"ಹೌದು" ಎಂದಳು ಒದೀಲ್.

ಅವನು ಮಂಡಿಗೆ ಹೋದ ಮೇಲೆ ಚಿತ್ರ ಇಳಿಸಿದಳು. ಚಿಂದಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಎಡಗಣ್ಣಿನ ಅಂಚಿಗೆ ಒತ್ತಿದಳು. ವಾರ್ನಿಷ್ ಬಿಟ್ಟಿತು. ಕಂದು ಬಿಟ್ಟಿತು. ಅದರ ಜೊತೆಗೇ ಅಡಿಯ ನೇರಳೆಯೂ ಚಿಂದಿಗೆ ಹತ್ತಿ ಬಂತು.

"ಅಯ್ಯೋ, ಏನ್ ಮಾಡ್ತಿದೀರಿ ಅಮ್ಮಾವ್ರೇ!" ಬ್ರಿಜಿತ್ ಬಾಗಿಲಲ್ಲೇ ನಿಂತಳು.

"ನನ್ನ ಮಗು ಇದರ ಕೆಳಗಿದೆ ಕಣೇ. ಇದನ್ನ ತೆಗೆಯೋಕೆ ಹೋದ್ರೆ ಜೊತೆಗೆ ಅವಳೂ ಕಿತ್ತು ಬರ್ತಾಳೆ."

ಬ್ರಿಜಿತ್ ಒರಟು ಹೆಂಗಸು. ಆದರೆ ಅವತ್ತು ಮೆಲ್ಲಗೆ ಅಂದಳು: "ಯಜಮಾನ್ರು ದಿನಾ ಬೆಳಿಗ್ಗೆ ಕಾಫಿಗೆ ಕೂರೋಕೆ ಮುಂಚೆ ಅದರ ಮುಂದೆ ನಿಂತು 'ಎದ್ಯಾ ಪುಟ್ಟೀ' ಅಂತಾರೆ. ನೀವಿಲ್ಲದಾಗ ಅವರು ಆಡ್ತಿದ್ದ ಮಾತು ಅದೊಂದೇ."

ಒದೀಲ್ ನೇರಳೆ ಹತ್ತಿದ ಚಿಂದಿಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಇಬ್ಬರೂ ಸೇರಿ ಚಿತ್ರವನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು.

ಸಾಯಂಕಾಲ ಸೂಪಿನ ಬಟ್ಟಲು ಮುಂದಿಟ್ಟುಕೊಂಡು ಅನ್ಸೆಲ್ಮ್ ಕತ್ತೆತ್ತಿದ. "ಕಣ್ಣಿನ ಪಕ್ಕ ಮಸುಕಾಗಿದೆಯಲ್ಲ. ಬೆಳಕು ಬಿದ್ದಿದೆಯೇನು?"

"ಹೌದು ರೀ, ಬೆಳಕೇ."

ಅಲ್ಲಿಂದಾಚೆ ಒದೀಲ್ ನದಿ ಬರೆದಳು, ಸೇಬಿನ ಮರ ಬರೆದಳು. ಮನುಷ್ಯರನ್ನು ಬರೆಯಲಿಲ್ಲ. ಊಟಕ್ಕೆ ಕೂರುವಾಗ ಚಿತ್ರಕ್ಕೆ ಬೆನ್ನು ಮಾಡುವ ಕುರ್ಚಿ ಅವಳದಾಯಿತು. ಅನ್ಸೆಲ್ಮ್ ಅದನ್ನು ಗಮನಿಸಿದನೋ ಇಲ್ಲವೋ, ಕೇಳಲಿಲ್ಲ.

ಚಿತ್ರವನ್ನು ಮತ್ತೆ ಮೊಳೆಗೆ ಸಿಕ್ಕಿಸಿದ ಮಾರನೆಯ ದಿನ ಬಟ್ಟೆ ಒಗೆಯುವ ದಿನವಾಗಿತ್ತು. ಮರ ದಾಟಿದ ಬಿಸಿಲು ಹಗ್ಗಕ್ಕೆ ಬಿದ್ದು ಸರಿದೂ ಹೋಯಿತು, ಒದೀಲ್ ಕುಂಚ ಎತ್ತಲಿಲ್ಲ. "ಒಣಗಿದೆ, ಬನ್ನಿ" ಎಂದು ಬ್ರಿಜಿತ್ ಕೂಗಿದಳು. ಇಬ್ಬರೂ ಒಂದೊಂದು ತುದಿ ಹಿಡಿದು, ದುಪ್ಪಟಿ ಎಳೆದು, ಕೊಡವಿ, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಬುಟ್ಟಿಗೆ ಹಾಕಿ ಇನ್ನೊಂದನ್ನು ಹಗ್ಗದಿಂದ ಇಳಿಸಿಕೊಂಡರು.