ಆಯಿಯ ಒಂಬತ್ತು ನಿಮಿಷ

ಕಳೆದ ವಾರ ಅಡುಗೆಮನೆಯ ಡ್ರಾಯರ್ ಚೊಕ್ಕ ಮಾಡುತ್ತಿದ್ದೆ. ರಬ್ಬರ್ ಬ್ಯಾಂಡು, ಕೆಟ್ಟುಹೋದ ಲೈಟರು, ಟಪಾವ್ ಎಂದು ಹೋಟೆಲಿನಿಂದ ಕಟ್ಟಿಸಿ ತಂದ ಊಟದ ಜೊತೆ ಬರುವ ಸಾಸಿನ ಪೊಟ್ಟಣಗಳು. ಎಲ್ಲದರ ಅಡಿಯಿಂದ ಒಂದು ಪುಟ್ಟ ಪ್ಲಾಸ್ಟಿಕ್ ಲೋಟ ಉರುಳಿ ಬಂತು. ಕೆಮ್ಮಿನ ಔಷಧದ ಬಾಟಲಿಯ ಮೇಲೆ ಟೋಪಿಯ ಹಾಗೆ ಕೂತಿರುತ್ತದಲ್ಲ, ಅಂಥದ್ದು. ಕಸದ ಚೀಲಕ್ಕೆ ಹಾಕಲು ಹೋದವಳಿಗೆ ಅದರ ಮೈಮೇಲೆ ಕಪ್ಪು ಮಾರ್ಕರಿನ ಗೆರೆಯೊಂದು ಕಾಣಿಸಿತು. ಗೆರೆ ಸ್ವಲ್ಪ ಸೊಟ್ಟ. ಎಳೆದವಳು ನಾನೇ. ಕೆಲಸ ಅಲ್ಲಿಗೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ...

ಕ್ವಾಲಾಲಂಪುರದ ಮಾಂಟ್ ಕಿಯಾರಾದ ಈ ಕಟ್ಟಡದಲ್ಲಿ ನಮ್ಮ ಎದುರು ಮನೆಯಲ್ಲಿ ಆಯಿ ಇದ್ದರು. ಅವರ ಮಗಳು ಹಾಗೆ ಕರೆಯುತ್ತಿದ್ದಳೆಂದು ನಾನೂ ಆಯಿ ಎಂದೆ. ಮಗಳಿಗೆ ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕಂಪನಿಯೊಂದರಲ್ಲಿ ಕೆಲಸ. ಬೆಳಗ್ಗೆ ಕಾರು ಹತ್ತಿದರೆ ಕತ್ತಲಾದ ಮೇಲೆಯೇ ವಾಪಸ್ಸು. ಮನೆಯಲ್ಲಿ ಆಯಿ ಒಬ್ಬರೇ. ಅವರ ಪರಿಚಯವಾದದ್ದು ಲಿಫ್ಟಿನಲ್ಲಿ. ನಾನು ಫೋನಿನಲ್ಲಿ ಊರಿನ ಅಮ್ಮನ ಜೊತೆ ಜಗಳವಾಡುತ್ತಿದ್ದೆ. ಹಿಂದಿನಿಂದ ಕೋಲೂರಿಕೊಂಡಿದ್ದ ಮುದುಕಿ ಮೆಲ್ಲಗೆ ಕೇಳಿದರು, "ನಿಮ್ಮದು ಗದಗೇನವಾ, ಬೆಟಗೇರಿಯೇನು?"

ಕ್ವಾಲಾಲಂಪುರದ ಲಿಫ್ಟಿನಲ್ಲಿ ಯಾರಾದರೂ ಬೆಟಗೇರಿಯ ಹೆಸರು ಹೇಳಿದರೆ ಏನಾಗಬೇಡ? ಅಮ್ಮನ ಫೋನು ಇಟ್ಟೇಬಿಟ್ಟೆ.

ಆಯಿಯ ಅಪ್ಪ ರೈಲಿನಲ್ಲಿ ಗಾರ್ಡ್ ಆಗಿದ್ದರಂತೆ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ ಮುಂಬಯಿಗೆ ಹೋದವರು. ಮನೆಮಾತು ಮರಾಠಿ. ಮರಾಠರು ಇರಬೇಕು ಅಂದುಕೊಂಡಿದ್ದೆ. ಎಷ್ಟೋ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಚಹಾ ಕುಡಿಯುತ್ತ, "ನಾವು ಯಹೂದಿ ಮಂದಿ. ಈ ದೇಶದಾಗ ಯಾರ ಮುಂದೂ ಹೇಳಬ್ಯಾಡ ಅಂತಾಳ ಮಗಳು. ನೀ ಯಾರಿಗೆ ಹೇಳಾಕಿ ಬಿಡು" ಎಂದರು. ಕೊಂಕಣದ ಕರಾವಳಿಯಲ್ಲಿ ಬಹಳ ತಲೆಮಾರುಗಳಿಂದ ಇದ್ದ ಯಹೂದಿಗಳಂತೆ. ಕಟ್ಟಡದವರಿಗೆಲ್ಲ ಅವರು ಮುಂಬಯಿಯವರು, ಅಷ್ಟೇ. ನಾನು ಮುಸ್ಲಿಮಳೆಂಬುದು ನನ್ನ ಹೆಸರಿನಲ್ಲೇ ಇತ್ತು. ಹಾಗಿದ್ದೂ ಈ ಮಾತನ್ನು ನನಗೇ ಏಕೆ ಹೇಳಿದರು ಎಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ನಾನಂತೂ ಇನ್ನೊಂದು ಬಿಸ್ಕೆಟ್ ಎತ್ತಿಕೊಂಡೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಅಷ್ಟು ಒಳ್ಳೆಯ ಬಿಸ್ಕೆಟ್ ಹೇಗೆ ಬಂತು ಎಂದು ಗದರಿಸಿದೆ ಕೂಡ.

ಗದರಿಸುವುದು ನನ್ನ ಹೊಟ್ಟೆಪಾಡು. ನಾನು ಆಸ್ಪತ್ರೆಯಲ್ಲಿ ಡಯಟಿಶಿಯನ್. ಜನರ ತಟ್ಟೆಯ ಅನ್ನವನ್ನು ಗ್ರಾಮಿನಲ್ಲಿ, ಕುಡಿಯುವ ಹಾಲನ್ನು ಮಿಲಿಲೀಟರಿನಲ್ಲಿ ಹೇಳುವವಳು. ಅಳತೆಯ ವಿಷಯದಲ್ಲಿ ನನಗೆ ಬಹಳ ಜಂಬವಿತ್ತು. ಆಯಿ ಆ ಜಂಬವನ್ನು ಒಂದೇ ಹಬ್ಬದಲ್ಲಿ ಇಳಿಸಿದರು.

ಅದು ಅವರ ಪಸ್ಕ ಹಬ್ಬ. ಹುಳಿ ಬರದ ರೊಟ್ಟಿ ತಿನ್ನಬೇಕಾದ ಹಬ್ಬ. ಆ ರೊಟ್ಟಿ ಇಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಮಾಡಬೇಕು. ಹಿಟ್ಟಿಗೆ ನೀರು ಬಿದ್ದ ಕ್ಷಣದಿಂದ ಹದಿನೆಂಟು ನಿಮಿಷದೊಳಗೆ ಬೆಂದು ಮುಗಿಯಬೇಕು, ಇಲ್ಲದಿದ್ದರೆ ಹುಳಿ ಬಂದ ಲೆಕ್ಕ. ಸಕ್ಕರೆ ಕಾಯಿಲೆಯಿಂದ ಆಯಿಯ ಕಣ್ಣು ಮಂಜಾಗಿತ್ತು. ಗೋಡೆ ಗಡಿಯಾರ ಒಂದು ಬಿಳಿ ದುಂಡಾಗಿ ಕಾಣುತ್ತಿತ್ತೇ ಹೊರತು ಮುಳ್ಳು ಕಾಣುತ್ತಿರಲಿಲ್ಲ. ಹಾಗಾಗಿ ಗಡಿಯಾರ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ನಿಮಿಷ ಕೂಗುವುದು, ಅವರು ಲಟ್ಟಿಸುವುದು, ಮಗಳು ಬೇಯಿಸುವುದು. ಮೊದಲ ಸಲ ಇಪ್ಪತ್ತು ನಿಮಿಷವಾಯಿತೆಂದು ಅಷ್ಟನ್ನೂ ತೆಗೆದು ಪಕ್ಕಕ್ಕಿಟ್ಟರು. ಒಳ್ಳೆಯ ಗೋಧಿಹಿಟ್ಟು ಎಂದು ನನ್ನ ಹೊಟ್ಟೆ ಉರಿಯಿತು.

ಅಲ್ಲಿಗೆ ಮುಗಿಯಲಿಲ್ಲ. ಹಬ್ಬದ ಸಂಜೆ ಆ ರೊಟ್ಟಿಯನ್ನು ಕನಿಷ್ಠ ಒಂದು ಆಲಿವ್ ಕಾಯಿಯಷ್ಟು ತಿನ್ನಲೇಬೇಕು. ಸರಿ, ನಾನು ಫ್ರಿಜ್ಜಿನಿಂದ ಆಲಿವ್ ತಂದು ತಕ್ಕಡಿಯಲ್ಲಿಟ್ಟು ತೂಗಿ ತೋರಿಸಿದೆ. ಆಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ಶಾಸ್ತ್ರ ಬರೆದ ಕಾಲದ ಆಲಿವ್ ಎಷ್ಟು ದೊಡ್ಡದಿತ್ತು ಎಂಬುದರಲ್ಲೇ ಅವರ ಹಿರಿಯರಿಗೆ ಒಮ್ಮತವಿಲ್ಲವಂತೆ. ಕೆಲವರು ಅರ್ಧ ಮೊಟ್ಟೆಯಷ್ಟು ಅಂತಾರಂತೆ. ಅದನ್ನೂ ಇಷ್ಟು ಹೊತ್ತಿನೊಳಗೆ ತಿಂದು ಮುಗಿಸಬೇಕು. ಎಷ್ಟು ಹೊತ್ತು? ಒಬ್ಬ ಮನುಷ್ಯ ಅರ್ಧ ರೊಟ್ಟಿ ತಿನ್ನಲು ಹಿಡಿಯುವಷ್ಟು ಹೊತ್ತು. ಯಾವ ಮನುಷ್ಯ ಎಂದು ಕೇಳಿದೆ. ನಮ್ಮ ಮಾಮು ಅರ್ಧ ರೊಟ್ಟಿಯನ್ನು ಎರಡು ತುತ್ತಿಗೆ ಮುಗಿಸುತ್ತಿದ್ದರು. ನನ್ನ ಮಗಳು ಕಾರ್ಟೂನ್ ನೋಡುತ್ತ ಅರ್ಧ ಗಂಟೆ ತಿನ್ನುತ್ತಾಳೆ.

"ಅದಕ್ಕs ನಮ್ಮ ಹಿರಿಯಾರೂ ಜಗಳಾಡ್ಯಾರ. ಒಬ್ಬರು ಎರಡು ನಿಮಿಷ ಅಂತಾರ, ಒಬ್ಬರು ನಾಕು, ಒಬ್ಬರು ಒಂಬತ್ತರ ತನಕಾ ನಡೀತದ ಅಂತಾರ. ನಾವು ನಾಕು ಹಿಡಿಯೋಣು. ನಾಕರಾಗ ಮುಗಿಸಿದ್ರ ಛಲೋ" ಎಂದರು.

ಆಯಿಗೆ ಹಲ್ಲುಸೆಟ್ಟು. ಬಾಯಿ ಯಾವಾಗಲೂ ಒಣಗುತ್ತಿತ್ತು. ಆ ರೊಟ್ಟಿಯೋ, ಸುಟ್ಟ ರಟ್ಟಿನ ಹಾಗೆ. ಕತ್ತಲಾದ ಮೇಲೆ ಮೇಜಿಗೆ ಕೂತು ಅವರು ಅಗಿಯತೊಡಗಿದರು. ನಾನು ಎದುರಿಗೆ ಕೂತು ಗಡಿಯಾರದ ಮೇಲೆ ಕಣ್ಣಿಟ್ಟೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ನಿಧಾನವಾಗಿ ಅಗಿದು ತಿನ್ನಿ ಎಂದು ಬೋಧಿಸುವ ನಾನು ಬೇಗ, ಬೇಗ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದೆ. ಕೊನೆಯ ತುಣುಕು ಗಂಟಲಿಳಿದಾಗ ಮೂರೂವರೆ ಎಂದೆ. ಆಯಿ ಎರಡೂ ಕೈಯಿಂದ ನನ್ನ ಗಲ್ಲ ಹಿಡಿದುಕೊಂಡರು. ಕ್ಲಾಸಿಗೆ ಮೊದಲು ಬಂದ ಹುಡುಗಿಯಷ್ಟು ಖುಷಿಯಾಗಿತ್ತು ಅವರಿಗೆ. ನನಗೂ ಆಗಿತ್ತು. ನಾಲ್ಕು ಎಂಬ ಸಂಖ್ಯೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಆಗಲೇ ಇರಬೇಕು...

ಅದೇ ವರ್ಷ ಅವರ ದೊಡ್ಡ ಉಪವಾಸ ಬಂತು, ಯೋಮ್ ಕಿಪ್ಪೂರ್. ಒಂದು ಸೂರ್ಯಾಸ್ತದಿಂದ ಮರುದಿನ ಕತ್ತಲಾಗುವವರೆಗೆ ಅನ್ನ ನೀರು ಎರಡೂ ಇಲ್ಲ. ವರ್ಷದ ಪಾಪಗಳೆಲ್ಲ ತೀರುವ ದಿನವಂತೆ. ಆಯಿಯ ಡಾಕ್ಟರು ಖಡಾಖಂಡಿತ ಬೇಡ ಎಂದಿದ್ದರು. ಹಿಂದಿನ ವರ್ಷ ಹಟ ಹಿಡಿದು ಮಾಡಿ, ಸಕ್ಕರೆ ಇಳಿದು ಸ್ನಾನದ ಮನೆಯಲ್ಲಿ ಬಿದ್ದಿದ್ದರಂತೆ. ಈ ಸಲ ಮಗಳಿಗೆ ಕಂಪನಿಯ ಕೆಲಸದ ಮೇಲೆ ಪೆನಾಂಗಿಗೆ ಹೋಗಲೇಬೇಕಾಗಿತ್ತು. ಅವಳು ನನ್ನ ಬಾಗಿಲಲ್ಲಿ ನಿಂತು, ಹೇಗಾದರೂ ಮಾಡಿ ಆಯಿಗೆ ತಿನ್ನಿಸಿ ಎಂದು ಬೇಡಿಕೊಂಡಳು.

ಆಯಿ ಒಪ್ಪಿದರು, ಆದರೆ ಅವರದೇ ದಾರಿಯಲ್ಲಿ. ಕಾಯಿಲೆಯವರಿಗೆ ಅವರ ಶಾಸ್ತ್ರದಲ್ಲಿ ಒಂದು ಉಪಾಯವಿದೆ. ಒಂದು ಕೆನ್ನೆ ತುಂಬುವುದಕ್ಕಿಂತ ಸ್ವಲ್ಪ ಕಡಿಮೆ ಕುಡಿಯುವುದು, ಆಮೇಲೆ ಕಾಯುವುದು, ಮತ್ತೆ ಅಷ್ಟೇ ಕುಡಿಯುವುದು. ನಡುವೆ ಅದೇ ಅರ್ಧ ರೊಟ್ಟಿ ತಿನ್ನುವಷ್ಟು ಹೊತ್ತು ಬಿಟ್ಟರೆ ಹಿಂದಿನ ಗುಟುಕು ಮುಂದಿನ ಗುಟುಕಿನ ಜೊತೆ ಸೇರುವುದಿಲ್ಲ. ಕುಡಿದರೂ ಕುಡಿದ ಲೆಕ್ಕವಲ್ಲ, ಉಪವಾಸ ಉಳಿಯುತ್ತದೆ. ಕೆನ್ನೆಯ ಅಳತೆ ಒಬ್ಬೊಬ್ಬರದು ಒಂದೊಂದು. ಹಿಂದಿನ ದಿನವೇ ಆಯಿ ನನ್ನ ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಒಂದು ಕೆನ್ನೆ ಉಬ್ಬಿಸಿ ನೀರು ತುಂಬಿಕೊಂಡು, ಈ ಔಷಧದ ಲೋಟಕ್ಕೆ ಉಗುಳಿದರು. ಅದಕ್ಕಿಂತ ಒಂದು ಕೂದಲು ಕೆಳಗೆ ನಾನು ಮಾರ್ಕರಿನಿಂದ ಗೆರೆ ಎಳೆದೆ. ಇಬ್ಬರಿಗೂ ನಗು ತಡೆಯದೆ ಗೆರೆ ಸೊಟ್ಟಗಾಯಿತು.

ಹೊತ್ತು ಎಷ್ಟು ಬಿಡಬೇಕೆಂದೂ ಆಗಲೇ ಹೇಳಿದ್ದರು. "ಒಂಬತ್ತು ನಿಮಿಷ ಬಿಡಬೇಕವಾ. ನನ್ನ ಸ್ತೋತ್ರ ಎರಡು ಸಲ ಹೇಳಿದ್ರ ಸರಿಯಾಗಿ ಒಂಬತ್ತು ಆಕ್ಕಾವು." ತೀರಾ ಆಗದಿದ್ದರೆ ಮಾತ್ರ ನಾಲ್ಕು ಎಂದೂ ಸೇರಿಸಿದ್ದರು. ತಿನ್ನಲೇಬೇಕಾದ ದಿನ ಸಣ್ಣ ಲೆಕ್ಕ ಹಿಡಿಯಬೇಕು, ತಿನ್ನಬಾರದ ದಿನ ದೊಡ್ಡ ಲೆಕ್ಕ. ಈಗ ಬರೆಯುವಾಗ ಎಷ್ಟು ಸಲೀಸು! ಆವತ್ತು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರೆ ಸಾಕಿತ್ತು. ನಾನು ಹೂಂ ಹೂಂ ಎಂದು ತಲೆಯಾಡಿಸಿದೆ.

ಅದೇ ಸಂಜೆ, ಸೂರ್ಯ ಮುಳುಗುವ ಮುಂಚೆ, ಆಯಿ ಬಿಳಿ ಸೀರೆಯುಟ್ಟು ಮತ್ತೆ ನನ್ನ ಬಾಗಿಲಿಗೆ ಬಂದರು. "ಈ ವರ್ಷದಾಗ ನನ್ನಿಂದ ನಿನಗ ಏನರೆ ತಪ್ಪಾಗಿದ್ರ ಮಾಫ್ ಮಾಡವಾ" ಎಂದರು. ಉಪವಾಸದ ಮುನ್ನಾದಿನ ಹೀಗೆ ಮನೆಮನೆಗೆ ಹೋಗಿ ಕೇಳಿಕೊಳ್ಳುವುದು ಅವರ ಪದ್ಧತಿ. ಇಲ್ಲಿ ಅವರಿಗಿದ್ದದ್ದು ನನ್ನ ಮನೆ ಒಂದೇ. ನೀವೇನು ಮಾಡೀರಿ ಆಯಿ ಎಂದು ನಕ್ಕೆ. ಅವರು ನಗಲಿಲ್ಲ. "ಹಂಗಲ್ಲ. ಮಾಫ್ ಮಾಡೀನಿ ಅಂತ ಬಾಯಿಬಿಟ್ಟು ಅನಬೇಕು" ಎಂದು ನಿಂತೇ ಇದ್ದರು. ಮಾಫ್ ಮಾಡೀನಿ ಎಂದೆ.

ಮರುದಿನ ರಜೆ ಹಾಕಿ ಅವರ ಜೊತೆ ಕೂತೆ. ಹನ್ನೊಂದರ ಸುಮಾರಿಗೆ ಅವರ ಬೆರಳುಗಳು ನಡುಗತೊಡಗಿದವು. ಹಣೆಯ ಮೇಲೆ ಬೆವರು. ಹೆದರಿಕೆಯಾಯಿತು. ಉಪ್ಪು ಸಕ್ಕರೆ ಬೆರೆಸಿದ ಗಂಜಿಯನ್ನು ಗೆರೆಯವರೆಗೆ ಸುರಿದು ಕೈಗೆ ಕೊಟ್ಟೆ. ಅವರು ಕುಡಿದು, ಕಣ್ಣು ಮುಚ್ಚಿ, ತಮ್ಮ ಭಾಷೆಯ ಸ್ತೋತ್ರವನ್ನು ಬಾಯಿಪಾಠ ಹೇಳತೊಡಗಿದರು. ನಾನು ಗಡಿಯಾರ ನೋಡಿದೆ. ನಾಲ್ಕು ನಿಮಿಷ. ಮತ್ತೆ ಲೋಟ. ನಾಲ್ಕು ನಿಮಿಷ. ಮತ್ತೆ ಲೋಟ. ಪ್ರತಿ ಸಲವೂ ಸ್ತೋತ್ರ ನಡುವೆಯೇ ನಿಲ್ಲುತ್ತಿತ್ತು. ಲೋಟ ತುಟಿಗೆ ತಾಗಿದೊಡನೆ ಆಯಿ ಬಾಯಿ ತೆರೆಯುತ್ತಿದ್ದರು. ಒಂದು ಗಂಟೆಯಾಗಿರಬೇಕು, ಹೆಚ್ಚೂ ಆಗಿರಬಹುದು... ನಡುಕ ನಿಂತಿತ್ತು. ಮುಖಕ್ಕೆ ಬಣ್ಣ ಬಂದಿತ್ತು. ನಾನು ಬಹಳ ಹೆಮ್ಮೆಯಲ್ಲಿದ್ದೆ.

ಆಗ ಆಯಿ ಕಣ್ಣು ತೆರೆಯದೆಯೇ ಹೇಳಿದರು, "ಇವತ್ತ ನನ್ನ ನಾಲಿಗಿ ಬಾಳ ಹಿಂದ ಬಿದ್ದದ ನೋಡವಾ. ಒಂದು ಸಲಾನೂ ಮುಗೀವಲ್ದು."

ಮುಗಿಯುವುದು ಹೇಗೆ? ಎರಡು ಸಲಕ್ಕೆ ಒಂಬತ್ತು... ಹಬ್ಬದ ಲೆಕ್ಕವನ್ನು ಉಪವಾಸಕ್ಕೆ ಹಿಡಿದಿದ್ದೆ. ನಾನು ಕೊಟ್ಟ ಗುಟುಕುಗಳೆಲ್ಲ ಒಂದಕ್ಕೊಂದು ಸೇರಿಕೊಂಡು, ಎಂಬತ್ತು ವರ್ಷ ದಾಟಿದ ಆ ಜೀವ ಪಾಪ ಕಳೆಯಲೆಂದು ಕಾಯ್ದುಕೊಂಡ ದಿನವನ್ನು ನನ್ನ ಕೈಯಾರೆ ಕೆಡಿಸಿದ್ದೆ. ಹೇಳಬೇಕಿತ್ತು. ಆ ಗಳಿಗೆಯಲ್ಲೇ ಹೇಳಬೇಕಿತ್ತು. ಹೇಳಿದರೆ ಉಳಿದ ಹೊತ್ತು ಏನೂ ಮುಟ್ಟದೆ ಕೂತುಬಿಟ್ಟರೆ ಎಂಬ ಭಯ. ನಾಚಿಕೆಯೂ ಇತ್ತು, ಅದನ್ನೇಕೆ ಮುಚ್ಚಿಡಲಿ. ಬಾಯಿ ಮುಚ್ಚಿಕೊಂಡು, ಆಮೇಲಿನಿಂದ ಒಂಬತ್ತು ನಿಮಿಷ ಎಣಿಸತೊಡಗಿದೆ. ಎರಡು ಸಲ ಸ್ತೋತ್ರ ಮುಗಿದ ಮೇಲೆ ಆಯಿ, "ಈಗ ಸರಿ ಹೋತು ನೋಡು" ಎಂದರು. ಅಷ್ಟೇ.

ಆ ಮಾತನ್ನು ಎಷ್ಟು ಸಲ ತಿರುವಿಹಾಕಿದ್ದೇನೋ. ನಾಲಿಗೆ ಸರಿ ಹೋಯಿತು ಎಂದರೋ, ನೀನು ಸರಿ ಹೋದೆ ಎಂದರೋ? ಸ್ತೋತ್ರವೇ ಅವರ ಗಡಿಯಾರವಾಗಿತ್ತು. ಮೊದಲ ಲೋಟಕ್ಕೇ ಗೊತ್ತಾಗಿರಬೇಕಲ್ಲವೇ? ಗೊತ್ತಿದ್ದೂ ಬಾಯಿ ತೆರೆದರೇ? ತೀರಾ ಆಗದಿದ್ದರೆ ನಾಲ್ಕು ಎಂದು ಅವರೇ ಹೇಳಿದ್ದರು. ನಡುಗುವಾಗ ಅವರಿಗೆ ತೀರಾ ಆಗದ ಹಾಗಾಗಿತ್ತೇ? ಹಾಗಿದ್ದರೆ ನನ್ನದು ತಪ್ಪೇ ಅಲ್ಲ. ಇನ್ನು ನನ್ನ ವಿಷಯ. ನಿಜವಾಗಿ ಮರೆತೆನೋ, ಅವರ ಬೆವರು ನೋಡಿ ನನ್ನೊಳಗಿನ ಡಯಟಿಶಿಯನ್ ಬೇಕೆಂದೇ ಮರೆತಳೋ? ರಮದಾನಿನಲ್ಲಿ ಖರ್ಜೂರ ಕೈಯಲ್ಲಿ ಹಿಡಿದು ಅಜಾನಿಗೆ ಕಾಯುವವಳು ನಾನು. ಒಂದು ನಿಮಿಷದ ಬೆಲೆ ಗೊತ್ತಿಲ್ಲದವಳಲ್ಲ. ಅದಕ್ಕೇ ಗೊಂದಲ. ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ, ಮರುಕ್ಷಣ ಆವತ್ತು ಅವರು ಬದುಕಿ ಉಳಿದರಲ್ಲ, ಅದೇ ದೊಡ್ಡದು ಎನಿಸುತ್ತದೆ, ಮತ್ತೆ ಸಿಟ್ಟು ಬರುತ್ತದೆ.

ಕತ್ತಲಾದ ಮೇಲೆ ಆಯಿ ಒಂದು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದರು. ಪಾತ್ರೆ ತೊಳೆಯುವಾಗ ಔಷಧದ ಲೋಟ ಹೇಗೋ ನನ್ನ ಸಾಮಾನಿನ ಜೊತೆ ಬಂದುಬಿಟ್ಟಿತು. ಮುಂದಿನ ವರ್ಷದ ಉಪವಾಸದ ಮುನ್ನಾದಿನ ನಾನೇ ಅವರ ಬಾಗಿಲಿಗೆ ಹೋಗಿ ಎಲ್ಲ ಹೇಳಿಬಿಡುವುದೆಂದು ನಿಶ್ಚಯಿಸಿದೆ. ಅವರ ಪದ್ಧತಿಯೇ ಇರುವಾಗ ಅದಕ್ಕಿಂತ ಒಳ್ಳೆಯ ದಿನ ಯಾವುದು? ಸುಲಭದ ದಾರಿ ಎಂದೂ ಅನಿಸಿರಬೇಕು. ಒಂದು ವರ್ಷ ಸುಮ್ಮನಿರಬಹುದಲ್ಲ. ಆದರೆ ಮುಂದಿನ ಪಸ್ಕ ಮುಗಿದ ಮೇಲೆ ಆಯಿ ಕಣ್ಣಿನ ಆಪರೇಷನ್ನಿಗೆಂದು ತಂಗಿಯ ಮನೆಗೆ, ಮುಂಬಯಿಗೆ ಹೋದರು. ಆಪರೇಷನ್ ಚೆನ್ನಾಗಿಯೇ ಆಯಿತು. ಗಡಿಯಾರದ ಮುಳ್ಳು ಕಾಣ್ತದವಾ ಎಂದು ಫೋನಿನಲ್ಲಿ ಹೇಳಿದ್ದೇ ಅವರು ನನಗೆ ಹೇಳಿದ ಕೊನೆಯ ಮಾತು. ಮಳೆಗಾಲ ಮುಗಿಯುವ ಮುಂಚೆ ಹೃದಯ ನಿಂತು ಹೋಗಿಬಿಟ್ಟರು.

ಮಗಳಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಮನೆ ಖಾಲಿ ಮಾಡುವ ದಿನ, ಲಿಫ್ಟಿನ ಮುಂದೆ ಪೆಟ್ಟಿಗೆಗಳ ನಡುವೆ, ಆವತ್ತು ಗಡಿಯಾರ ನೋಡುವುದರಲ್ಲಿ ನನ್ನಿಂದ ತಪ್ಪಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಇಂಥ ಲೆಕ್ಕಗಳಲ್ಲಿ ಆಸಕ್ತಿಯೂ ಇರಲಿಲ್ಲ. ಅವಳು ನನ್ನ ತೋಳು ಹಿಡಿದು, ಎದುರು ಮನೆಯ ಹುಡುಗಿಯಷ್ಟು ಪ್ರೀತಿಯಿಂದ ಯಾರೂ ಗಡಿಯಾರ ನೋಡುವುದಿಲ್ಲ ಎಂದು ಆಯಿ ಎಲ್ಲರಿಗೂ ಹೇಳುತ್ತಿದ್ದರು ಎಂದಳು. ಲಿಫ್ಟು ಬಂತು. ನನ್ನ ಗೊಂದಲ ಇನ್ನಷ್ಟು ಹೆಚ್ಚಿತು.

ಈಗ ಎದುರು ಮನೆಯಲ್ಲಿ ಯಾರೋ ಬೇರೆಯವರಿದ್ದಾರೆ. ಬಾಗಿಲ ಹೊರಗೆ ಮಕ್ಕಳ ಶೂಗಳು. ಕಳೆದ ವಾರ ಲೋಟ ಸಿಕ್ಕ ದಿನ ಅದನ್ನು ತೊಳೆದು, ಸೊಟ್ಟ ಗೆರೆಯವರೆಗೆ ನೀರು ತುಂಬಿ ಮೇಜಿನ ಮೇಲಿಟ್ಟು ಕೂತೆ. ಮಾಫ್ ಮಾಡ್ರಿ ಆಯಿ ಎಂದು ಜೋರಾಗಿಯೇ ಅಂದೆ. ಮಾಫ್ ಮಾಡೀನಿ ಅಂತ ಬಾಯಿಬಿಟ್ಟು ಅನ್ನುವವರು ಇಲ್ಲವೆಂದು ಗೊತ್ತಿತ್ತು. ಆದರೂ ಗೋಡೆಯ ಗಡಿಯಾರ ನೋಡುತ್ತ, ಈ ಸಲ ತಪ್ಪದೆ, ಒಂಬತ್ತು ನಿಮಿಷ ಕಾದೆ.