ಜೋಡಿಗೆ ಒಂದೇ ಅಳತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಮಿಶ್ರಿಕೋಟಿ ಕಡೆಯ ಊರು ನಮ್ಮದು. ಮದುವೆಯಾಗಿ ಯರಗುಪ್ಪಿಯ ಬಾಜುವಿನ ಒಂದು ಸಣ್ಣ ಹಳ್ಳಿಗೆ ಹೊರಟಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದೂ ಅದನ್ನೇ, ಅಲ್ಲಿ ಹೋಗಿ ನಾಲಿಗೆ ಬಿಗಿ ಹಿಡಿ ಎಂದು. ಹಿಡಿದೆ. ಹಿಡಿಯಬಾರದಿದ್ದ ದಿನವೂ ಹಿಡಿದೆ. ಆ ಒಂದು ದಿನದ ಮಾತನ್ನು ಇಷ್ಟು ವರ್ಷ ನಾನಾಗಿ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ.

ಎಂಬತ್ತರ ದಶಕದ ನಡುವಿನ ವರ್ಷಗಳು. ಅತ್ತೆ ತೀರಿಕೊಂಡು ಬಹಳ ದಿನವಾಗಿತ್ತು. ಮನೆಯಲ್ಲಿ ಮಾವ, ನನ್ನ ಗಂಡ, ನಾನು, ಮೂರೇ ಜನ. ಹೊಲವೆಲ್ಲ ಎರೆಭೂಮಿ, ಅಂಟುವ ಕಪ್ಪು ಮಣ್ಣು. ಆ ನೆಲದಲ್ಲಿ ಒಂಟಿ ಎತ್ತು ಕಟ್ಟಿಕೊಂಡು ಏನೂ ಮಾಡಲಾಗುವುದಿಲ್ಲ. ನಾನು ಬರುವ ಹಿಂದಿನ ವರ್ಷ ಮಾವನ ಜೋಡಿಯಲ್ಲಿ ಒಂದು ಎತ್ತು ಹಾವು ಕಚ್ಚಿ ಸತ್ತಿತ್ತು. ಉಳಿದದ್ದು ದೊಡ್ಡ ಮೈಯ, ವಯಸ್ಸಾದ ಎತ್ತು. ಅದಕ್ಕೆ ಜೋಡಿ ಮಾಡಲು ಎರಡು ಹಲ್ಲಿನ, ಇನ್ನೂ ಎಳೆಯ ಹೋರಿಯೊಂದನ್ನು ತಂದಿದ್ದರು. ನಾನು ಆ ಮನೆಗೆ ಬಂದ ತಿಂಗಳೇ ಅದೂ ಬಂತು. ಇಬ್ಬರೂ ಹೊಸಬರು. ನಾನು ರೊಟ್ಟಿಯ ಚೂರು ಹಿಡಿದು ಕೊಟ್ಟಿಗೆಗೆ ಹೋದರೆ ಅದು ಕೈಯನ್ನೆಲ್ಲ ನೆಕ್ಕಿ ಒದ್ದೆ ಮಾಡುತ್ತಿತ್ತು. ಚಳಿಗಾಲ, ಬೇಸಿಗೆ ಪೂರ್ತಿ ಮಾವ ಅದಕ್ಕೆ ನೊಗ ಕಲಿಸಿದರು. ಎತ್ತುಗಳ ಹಬ್ಬ ಕಾರ ಹುಣ್ಣಿಮೆ ಮುಗಿದ ಕೂಡಲೇ ಹೆಸರುಕಾಳು ಬಿತ್ತಬೇಕು, ಆ ಬಿತ್ತನೆಗೆ ಈ ಜೋಡಿ ನಿಲ್ಲಬೇಕು. ಮಾವನ ಜೀವವೆಲ್ಲ ಅದರಲ್ಲೇ ಇತ್ತು.

ಆ ಮನೆಯಲ್ಲಿ ತಲೆತಲಾಂತರದಿಂದ ಬಂದ ಒಂದು ಕಟ್ಟಳೆ ಇತ್ತು. ಒಂದು ನೊಗಕ್ಕೆ ಕಟ್ಟುವ ಎರಡು ಎತ್ತುಗಳಿಗೆ ಎರಡು ಅಳತೆ ಇಲ್ಲ. ಹಿಂಡಿ, ಹತ್ತಿಕಾಳು, ಹಬ್ಬದ ಹುಗ್ಗಿ, ಒಂದಕ್ಕೆ ಎಷ್ಟೋ ಇನ್ನೊಂದಕ್ಕೂ ಅಷ್ಟೇ. ಭೇದ ಮಾಡಿದರೆ ಎತ್ತಿಗೆ ಗೊತ್ತಾಗುತ್ತದೆ, ಮನಸ್ಸು ಮುರಿಯುತ್ತದೆ, ನೊಗ ಒಂದು ಕಡೆ ಎಳೆಯುತ್ತದೆ ಎಂದು ಮಾವ ನಂಬಿದ್ದರು. ಸಣ್ಣ ಹೋರಿಗೆ ದೊಡ್ಡದರಷ್ಟು ಹಿಂಡಿ ತಿನ್ನಲಾಗುತ್ತಿರಲಿಲ್ಲ. ಆದರೂ ಬುಟ್ಟಿ ತುಂಬ ಇಡುತ್ತಿದ್ದರು, ಅದು ತಿಂದಷ್ಟು ತಿನ್ನಲಿ ಎಂದು ಪಕ್ಕದಲ್ಲೇ ಕೂಡುತ್ತಿದ್ದರು. ಹಿಂಡಿಯ ಮಟ್ಟಿಗೆ ಅದು ಒಳ್ಳೆಯ ಕಟ್ಟಳೆಯೇ ಆಗಿತ್ತು.

ಆ ಬೇಸಿಗೆಯಲ್ಲಿ ಎರಡೂ ದನ ಇಳಿದುಹೋದವು. ಸಗಣಿ ನೀರುನೀರು. ಹೋರಿಯ ಕೂದಲು ಒರಟಾಗಿ ನೆಟ್ಟಗೆ ನಿಂತಿತ್ತು, ಎಲುಬು ಕಾಣುತ್ತಿದ್ದರೂ ಹೊಟ್ಟೆ ಮಾತ್ರ ಊದಿಕೊಂಡಿತ್ತು. ಹೊಟ್ಟೆಯಲ್ಲಿ ಹುಳ ಆಗಿವೆ ಎಂದು ನೋಡಿದವರೆಲ್ಲ ಹೇಳಿದರು. ನನ್ನ ಗಂಡ ದನದ ದವಾಖಾನೆಗೆ ಹೋಗಿ ಜಂತುಹುಳದ ಔಷಧಿಯ ಸೀಸೆ ತಂದರು. ಅಲ್ಲಿಯವರು ಬಾಯಿಂದ ನಾಲ್ಕು ಮಾತು ಹೇಳಿದ್ದರಂತೆ. ಬಸ್ಸು ಇಳಿಯುವಷ್ಟರಲ್ಲಿ ಇವರು ಎಲ್ಲ ಮರೆತಿದ್ದರು. ಪುಣ್ಯಕ್ಕೆ ಸೀಸೆಯ ಜೊತೆ ಕನ್ನಡದಲ್ಲಿ ಅಚ್ಚು ಮಾಡಿದ ಒಂದು ಕಾಗದ ಇತ್ತು. ಇವರು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವರು, ಸಹಿ ಮಾಡುತ್ತಿದ್ದರು, ಅಷ್ಟೇ. ಮಾವನಿಗೆ ಅಕ್ಷರವೇ ಇಲ್ಲ, ಆದರೆ ಕೇಳಿ ಕಲಿತ ವಚನಗಳು ನೂರಾರು ಬಾಯಲ್ಲಿದ್ದವು. ಮನೆಯಲ್ಲಿ ಓದಬಲ್ಲವಳು ಎಸ್ಸೆಸ್ಸೆಲ್ಸಿ ಪಾಸಾದ ನಾನೊಬ್ಬಳೇ.

ಕಾರ ಹುಣ್ಣಿಮೆಯ ಹಿಂದಿನ ದಿನಕ್ಕೆ ನಮ್ಮ ಕಡೆ ಹೊನ್ನುಗ್ಗಿ ಎನ್ನುತ್ತಾರೆ. ಅವತ್ತು ಎತ್ತುಗಳ ಮೈ ತೊಳೆದು, ಹುಗ್ಗಿ ತಿನ್ನಿಸಿ, ಎಣ್ಣೆ ಅರಿಶಿನ ಕಲಸಿ ಗೊಟ್ಟ ಹಾಕುತ್ತಾರೆ. ಗೊಟ್ಟ ಎಂದರೆ ಓರೆಯಾಗಿ ಬಾಯಿ ಕೊಯ್ದ ಬಿದಿರಿನ ಕೊಳವೆ. ಅದನ್ನು ದನದ ಬಾಯಿಯ ಬದಿಯಿಂದ ಒಳಗಿಟ್ಟು ಔಷಧ ಸುರಿಯುವುದು. ಹೇಗೂ ಗೊಟ್ಟ ಹಾಕುವ ದಿನ, ಹುಳದ ಔಷಧಿಯನ್ನೂ ಅದರಲ್ಲೇ ಹಾಕಿಬಿಡೋಣ ಎಂದು ಮಾವ ತೀರ್ಮಾನಿಸಿದರು.

ಬೆಳಿಗ್ಗೆ ಕಟ್ಟೆಯ ಮೇಲೆ ನಾಲ್ಕೈದು ಜನ ಕೂತಿದ್ದರು. ನಾನು ನೀರಿನ ಕೊಡ ಇಳಿಸಿ, ಮಾವನವರೇ, ಹಾಕುವ ಮೊದಲು ಆ ಕಾಗದ ಓದುತ್ತೇನೆ ಎಂದೆ. ಅಷ್ಟಕ್ಕೇ ಮಾವ ಅವರ ಕಡೆ ತಿರುಗಿ, ನಮ್ಮ ಮನೆಗೆ ಸಾಲೆ ಕಲಿತ ಸೊಸೆ ಬಂದಿದ್ದಾಳೆ, ಇನ್ನು ಎತ್ತುಗಳಿಗೂ ಮಗ್ಗಿ ಕಲಿಸುತ್ತಾಳೆ ಎಂದರು. ಎಲ್ಲರೂ ನಕ್ಕರು. ಮಾವ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಈಗ ನೆನೆದರೆ ಅದರಲ್ಲಿ ಒಂಚೂರು ಹೆಮ್ಮೆಯೂ ಇತ್ತೇನೋ ಅನ್ನಿಸುತ್ತದೆ. ಆದರೆ ಇಪ್ಪತ್ತು ವರ್ಷದ ನನ್ನ ಮೈಗೆ ಬೆಂಕಿ ಹತ್ತಿದಂತಾಯಿತು. ಒಳಗೆ ಹೋಗಿ ಪಾತ್ರೆಗಳನ್ನು ಎತ್ತಿ ಕುಕ್ಕಿದೆ.

ಹೊತ್ತೇರಿದ ಮೇಲೆ ಮಾವ ತಾವೇ ಕಾಗದ ತಂದು ಕೈಗೆ ಕೊಟ್ಟು, ಏನು ಬರೆದಿದ್ದಾರೆ ನೋಡು ಎಂದರು. ನೋಡಿದೆ. ದನದ ತೂಕದ ಮೇಲೆ ಔಷಧಿ ಕೊಡಬೇಕು, ದೊಡ್ಡದಕ್ಕೆ ಇಷ್ಟು, ಅದರ ಅರ್ಧ ತೂಕದ್ದಕ್ಕೆ ಅರ್ಧ ಎಂದಿತ್ತು. ಓದಿ ಹೇಳಿದೆ. ಮಾವ ತಲೆ ಅಲ್ಲಾಡಿಸಿದರು. ಒಂದು ಜೋಡಿಗೆ ಎರಡು ಅಳತೆ ಹೇಗೆ ಹಾಕುವುದು, ಅದೂ ಹೊನ್ನುಗ್ಗಿಯ ದಿನ, ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ನನ್ನನ್ನು ನೋಡಿ ಕೇಳಿದರು.

“ಸಣ್ಣದಕ್ಕೂ ಅಷ್ಟ ಹಾಕಿದ್ರ ಏನಾಗತೈತಿ ಅಂತ ಬರದಾರೇನವಾ ಅದರಾಗ?”

ಬರೆದಿದ್ದರು. ಕಾಗದದ ಕಡೆಯ ಸಾಲು ಅದೇ ಆಗಿತ್ತು. ಅಳತೆ ಮೀರಿದರೆ ದನ ಜೊಲ್ಲು ಸುರಿಸಿ, ಮೈ ನಡುಗಿ, ಉಸಿರು ಕಟ್ಟಿ ಸಾಯಬಹುದು ಎಂದು. ಅದರ ಮೇಲೆಯೇ ನನ್ನ ಹೆಬ್ಬೆರಳು ಇತ್ತು. ಮಗ್ಗಿ ಕಲಿಸುವವಳನ್ನು ಈಗ ಯಾಕೆ ಕೇಳುತ್ತೀರಿ ಎಂದು ಒಳಗೊಳಗೇ ಕುದಿಯುತ್ತಿದ್ದೆ.

“ಇಲ್ರಿ ಮಾವಾರ. ಇಷ್ಟ ಬರದಾರ,” ಎಂದೆ.

ಹೋರಿ ಸಾಯಲಿ ಎಂದು ನಾನು ಬಯಸಲಿಲ್ಲ. ದೇವರಾಣೆಗೂ ಇಲ್ಲ. ಔಷಧಿಯ ಕಾಗದದಲ್ಲಿ ಹಾಗೆಲ್ಲ ಬರೆದೇ ಬರೆಯುತ್ತಾರೆ ಎಂದುಕೊಂಡೆ. ಸ್ವಲ್ಪ ಹೆಚ್ಚುಕಡಿಮೆಯಾಗಿ ಎರಡು ದಿನ ಹೋರಿ ಮೇವು ಬಿಟ್ಟರೆ ಇವರಿಗೆ ಬುದ್ಧಿ ಬರುತ್ತದೆ ಎಂದುಕೊಂಡೆ. ಅಷ್ಟು ಸಣ್ಣ ಮನಸ್ಸು ಮಾಡಿದೆ.

ದೊಡ್ಡ ಎತ್ತಿಗೆ ಕಾಗದದಲ್ಲಿದ್ದ ಅಳತೆಯಷ್ಟು ಒಂದು ಗೊಟ್ಟ ಹಾಕಿದರು. ಹೋರಿಗೂ ಒಂದು ಗೊಟ್ಟ. ನನ್ನ ಗಂಡ ಅದರ ಕೋಡು ಹಿಡಿದು ಮುಖವನ್ನು ಆಕಾಶಕ್ಕೆ ಎತ್ತಿದ್ದರು. ಅದು ಕೊಸರಿ ಕೆಮ್ಮಿ ಒಂದಿಷ್ಟನ್ನು ಹೊರಗೆ ಚೆಲ್ಲಿತು. ಚೆಲ್ಲಿದ್ದು ಎಷ್ಟು, ಒಳಗೆ ಹೋದದ್ದು ಎಷ್ಟು ಎಂದು ಯಾರೂ ನೋಡಲಿಲ್ಲ. ಜೋಡಿಗೆ ಕಡಿಮೆಯಾಗಬಾರದೆಂದು ಮಾವ ಇನ್ನೊಂದು ಗೊಟ್ಟ ಹಾಕಿದರು. ನಾನು ಎಣ್ಣೆಯ ತಂಬಿಗೆ ಹಿಡಿದು ಮೂರು ಮಾರು ದೂರದಲ್ಲಿ ನಿಂತಿದ್ದೆ. ಆಗಲಾದರೂ ಬಾಯಿ ಬಿಡಬಹುದಾಗಿತ್ತು.

ಒಂದು ತಾಸೂ ಆಗಲಿಲ್ಲ. ಹೋರಿಯ ಬಾಯಿಂದ ನೊರೆನೊರೆ ಜೊಲ್ಲು ಇಳಿಯತೊಡಗಿತು. ತೊಡೆ ಅದುರಿತು, ಆಮೇಲೆ ಮೈಯೆಲ್ಲ ಅದುರಿತು. ನಿಂತಲ್ಲೇ ಮೇಲಿಂದ ಮೇಲೆ ಉಚ್ಚೆ ಹೊಯ್ಯಿತು. ಕಾಲು ಮಡಚಿ ಬಿತ್ತು. ಕಾಗದದಲ್ಲಿ ಇದ್ದದ್ದು ಇದ್ದ ಹಾಗೇ ಕಣ್ಣ ಮುಂದೆ ನಡೆಯುತ್ತಿತ್ತು. ನನ್ನ ಗಂಡ ಸೈಕಲ್ ಹತ್ತಿ ದನದ ಡಾಕ್ಟರನ್ನು ಕರೆಯಲು ಓಡಿದರು. ಮಾವ ಹೋರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಣೆಗೆ ವಿಭೂತಿ ಹಚ್ಚುತ್ತ ಕೂತರು. ಜೊಲ್ಲಿನಿಂದ ಅವರ ಧೋತರ ನೆನೆದುಹೋಗಿತ್ತು. ನಾನು ರೊಟ್ಟಿಯ ಚೂರು ತಂದು ಅದರ ಮೂತಿಯ ಹತ್ತಿರ ಹಿಡಿದೆ. ಅದಕ್ಕೆ ನನ್ನ ಗುರುತು ಹತ್ತಲಿಲ್ಲ.

ಡಾಕ್ಟರು ಮೋಟರ್ ಸೈಕಲ್ಲಿನಲ್ಲಿ ಬಂದು ಒಂದರ ಮೇಲೊಂದು ಎರಡು ಸೂಜಿ ಮಾಡಿದರು. ದೊಡ್ಡ ಎತ್ತಿಗೂ ಸ್ವಲ್ಪ ಜೊಲ್ಲು ಬಂದಿತ್ತು, ಅದು ಚೇತರಿಸಿಕೊಂಡಿತು. ಹೋರಿ ಇಳಿಹೊತ್ತಿಗೆ ಉಸಿರು ಬಿಟ್ಟಿತು. ಊರಿನ ಅರ್ಧ ಜನ ನಮ್ಮ ಅಂಗಳದಲ್ಲೇ ಇದ್ದರು. ಡಾಕ್ಟರು ಕೈ ತೊಳೆಯುತ್ತ, ಇದರ ತೂಕಕ್ಕೆ ಮೂರು ಪಟ್ಟಿಗೂ ಹೆಚ್ಚು ಬಿದ್ದಿದೆ, ಮುಖ ಎತ್ತಿ ಹಿಡಿದದ್ದಕ್ಕೆ ಶ್ವಾಸಕೋಶಕ್ಕೂ ಹೋಗಿದೆ, ಆ ಕಾಗದ ಯಾರೂ ಓದಲಿಲ್ಲವೇ ಎಂದು ಬೇಸರದಿಂದ ಕೇಳಿದರು. ಮಾವ ಎದ್ದು ನಿಂತರು.

“ಓದಿ ಹೇಳಿದ್ಳರಿ ನಮ್ಮ ಸೊಸಿ, ಸಣ್ಣದಕ್ಕ ಅರ್ಧ ಹಾಕ್ರಿ ಅಂತ. ನಾನ ಕೇಳಲಿಲ್ಲ. ಆಕೀದು ಏನೂ ತಪ್ಪಿಲ್ಲ.”

ಮುಂಜಾನೆ ನಕ್ಕಿದ್ದ ಜನರ ಮುಂದೆಯೇ ಹೇಳಿದರು. ಅವರು ಸೋತು ಒಪ್ಪಿಕೊಳ್ಳಬೇಕು ಎಂದು ಬೆಳಗಿನಿಂದ ಹಲ್ಲು ಕಚ್ಚಿ ಕಾದಿದ್ದವಳು ನಾನು. ಒಪ್ಪಿಕೊಂಡರು. ಆ ಹೊತ್ತಿನಲ್ಲಿ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ನಾನು ಕೊಯ್ದದ್ದು ನನ್ನ ಮೂಗೂ ಅಲ್ಲ.

ಹೋರಿಯನ್ನು ಹೊಲದ ಬದುವಿನಲ್ಲಿ ಆಳವಾಗಿ ತಗ್ಗು ತೋಡಿ ಹೂಳಿದರು. ಮರುದಿನ ಊರೆಲ್ಲ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಮೆರೆಸುವಾಗ ನಮ್ಮ ಮುದಿ ಎತ್ತು ಕೊಟ್ಟಿಗೆಯಲ್ಲೇ ನಿಂತಿತ್ತು. ಬಿತ್ತನೆಗೆ ಬಾಜುವಿನವರು ಮುಯ್ಯಿಗೆ, ಕೆಲಸಕ್ಕೆ ಕೆಲಸ ಎಂದು, ಒಂದು ಎತ್ತು ಕೊಟ್ಟರು. ಅವರದೆಲ್ಲ ಮುಗಿದ ಮೇಲೆ ನಮ್ಮ ಹೆಸರುಕಾಳು ಬಿತ್ತಿದ್ದು. ಆ ವರ್ಷ ಕಾಯಿ ಅಷ್ಟಕ್ಕಷ್ಟೆ.

ಆಮೇಲೆ ಮಾವ ಬದಲಾದರು. ಡಾಕ್ಟರ ಹಿಂದೆ ಬಿದ್ದು ಎಲ್ಲವನ್ನೂ ಕೇಳಿ ಕಲಿತರು. ಮುಂಗಾಲಿನ ಹಿಂದೆ ಎದೆಗೆ ದಾರ ಸುತ್ತಿ ಅಳೆದರೆ ದನದ ತೂಕದ ಅಂದಾಜು ಸಿಗುತ್ತದೆ, ಔಷಧಿ ಹಾಕುವಾಗ ಮೂತಿ ಬೆನ್ನಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ನಾಲಿಗೆ ಹಿಡಿದು ಎಳೆಯಬಾರದು, ಕೆಮ್ಮಿದರೆ ಕೂಡಲೇ ತಲೆ ಬಿಡಬೇಕು, ಚೆಲ್ಲಿತೆಂದು ಅಂದಾಜಿನ ಮೇಲೆ ಮತ್ತೆ ಹಾಕಬಾರದು. ಗಬ್ಬದ ಎಮ್ಮೆಗೆ ಡಾಕ್ಟರನ್ನು ಕೇಳದೆ ಯಾವುದನ್ನೂ ಕೊಡಬಾರದು, ಔಷಧಿ ಕುಡಿದ ಎಮ್ಮೆಯ ಹಾಲನ್ನು ಅವರು ಹೇಳಿದಷ್ಟು ದಿನ ಮನೆಗೆ ಬಳಸಬಾರದು. ಉಳಿದ ಔಷಧಿಯನ್ನು ನಾಯಿಗೆ ಹಾಕುವ ಚಾಳಿ ಕೆಲವರಿಗಿತ್ತು, ಅದನ್ನು ಬೈದು ಬಿಡಿಸಿದರು. ದಾರ ಹಿಡಿದುಕೊಂಡು ಕುಬಿಹಾಳದ ನೆಂಟರ ಮನೆಗೂ ಹೋಗಿ ಹೇಳಿ ಬಂದರು. ಹೋದಲ್ಲೆಲ್ಲ ತಮ್ಮ ಹೋರಿಯ ಕಥೆ ಹೇಳುತ್ತಿದ್ದರು. ಕಥೆಯ ಕಡೆಗೆ ಯಾವಾಗಲೂ ಅದೇ ಮಾತು, ಸೊಸೆ ಹೇಳಿದ್ದಳು, ನಾನು ಕೇಳಲಿಲ್ಲ. ಅವರ ಬಾಯಲ್ಲಿ ನನ್ನ ಹೊಗಳಿಕೆ ಕೇಳಿದಾಗಲೆಲ್ಲ ನಾನು ಏನಾದರೂ ನೆವ ಮಾಡಿ ಅಲ್ಲಿಂದ ಏಳುತ್ತಿದ್ದೆ. ಎಷ್ಟೋ ಸಲ ಹೇಳಿಬಿಡಬೇಕೆಂದು ಹತ್ತಿರ ಹೋಗಿ, ಚಹಾ ಬೇಕೇನ್ರಿ ಎಂದು ಕೇಳಿ ಹಿಂದೆ ಬಂದಿದ್ದೇನೆ.

ಮುಂದಿನ ವರ್ಷ ಇನ್ನೊಂದು ಹೋರಿ ಬಂತು. ಮಳೆಗಾಲದ ಮುಂಚೆ ಮಾವ ಅದೇ ಔಷಧಿಯ ಸೀಸೆ ತಂದರು, ಅದೇ ಕಾಗದವೂ ಬಂತು. ನನ್ನ ಎದುರು ನೆಲದ ಮೇಲೆ ಕೂತು, ಓದವ್ವಾ, ಒಂದು ಅಕ್ಷರ ಬಿಡಬ್ಯಾಡ ಎಂದರು. ಮೇಲಿನಿಂದ ಓದುತ್ತ ಬಂದೆ. ಕಡೆಯ ಸಾಲಿಗೆ ಬಂದು ನಿಂತೆ. ಬಿಡಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು. ಆದರೆ ಕೊಟ್ಟಿಗೆಯಲ್ಲಿ ಹೊಸ ಹೋರಿ ನಿಂತಿತ್ತು. ಓದಿದೆ. ಜೊಲ್ಲು ಸುರಿಸಿ, ಮೈ ನಡುಗಿ, ಉಸಿರು ಕಟ್ಟಿ.

ಮಾವ ಆ ಕಡೆಯ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು.

“ಹೋದ ವರ್ಷದ ಕಾಗದದಾಗೂ ಇದು ಇತ್ತೇನು?”

“ಇತ್ತರಿ,” ಎಂದೆ.

ಬೈಯಲಿ, ಹೊಡೆಯಲಿ, ತವರಿಗೆ ಕಳಿಸಲಿ ಎಂದು ತಲೆ ತಗ್ಗಿಸಿ ಕೂತಿದ್ದೆ. ಅವರು ನನ್ನ ಮುಖ ನೋಡಲಿಲ್ಲ. ದಾರದ ಗಂಟನ್ನು ಬಿಚ್ಚಿ ಕಟ್ಟಿ ಮಾಡಿದರು. ಸಣ್ಣದಕ್ಕೆ ಎಷ್ಟು ಎಂದು ಬರೆದಿದೆ, ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ನೀನೇ ಅಳೆದು ಕೊಡು ಎಂದು ಸೀಸೆಯನ್ನು ನನ್ನ ಕಡೆ ಸರಿಸಿದರು. ಎರಡು ಸಲ ಅಳೆದೆ. ಹೋರಿಗೆ ಏನೂ ಆಗಲಿಲ್ಲ.

ಅವತ್ತು ಮಾವ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಮರುದಿನವೂ ಉಂಡು ಸುಮ್ಮನೆ ಎದ್ದುಹೋದರು. ವಾರ ಕಳೆದಿರಬೇಕು. ಊರಿನ ರೈತರೊಬ್ಬರು ತಮ್ಮ ಕರುವಿಗೆ ಔಷಧಿ ಎಷ್ಟು ಹಾಕಬೇಕೆಂದು ಕೇಳಿಕೊಂಡು ಬಂದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಮಾವ ದಾರ ತೆಗೆದುಕೊಂಡು ಹೋರಿಯ ಕಥೆ ಸುರು ಮಾಡಿದ್ದು ಕೇಳಿಸಿತು. ಈ ಸಲ ಕಥೆ ಬದಲಾಗುತ್ತದೆ ಎಂದು ಗೊತ್ತಿತ್ತು, ಕೈ ತಾನೇ ನಿಂತಿತು. ಗೊಟ್ಟ ಹಾಕಿದ್ದು, ಹೋರಿ ಬಿದ್ದದ್ದು, ಎಲ್ಲ ಹೇಳಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಹೇಳಿದರು.

“ಸೊಸಿ ಹೇಳಿದ್ಳು. ನಾನ ಕೇಳಲಿಲ್ಲ.”